ಕಾರ್ಯಕ್ರಮ ಅವರದು, ಜಾಹೀರಾತು ನಮ್ಮದು

ಟೊರಾಂಟೊದ ಮನೆಯೊಂದರಲ್ಲಿ ಕೇಬಲ್ ಟೀವಿ ಹಾಕಿ ಗಡಿಯಾಚೆಯ ಬಫಲೊ ಊರಿನ ಅಮೆರಿಕನ್ ವಾಹಿನಿಗೆ ಹೋದರೆ, ಎಷ್ಟೋ ಸಂಜೆ ಅಲ್ಲಿ ಕಾಣುವುದು ಬಫಲೊದ ಪ್ರಸಾರವೇ ಅಲ್ಲ. ಧಾರಾವಾಹಿ ಅದೇ, ನಟರು ಅವರೇ. ನಡುವೆ ಬರುವ ಜಾಹೀರಾತು ಮಾತ್ರ ಕೆನಡಾದ ಬ್ಯಾಂಕಿನದೋ ಕೆನಡಾದ ದಿನಸಿ ಮಳಿಗೆಯದೋ ಆಗಿರುತ್ತದೆ. ಮೂಲೆಯ ಲಾಂಛನವೂ ಕೆನಡಾದ ವಾಹಿನಿಯದೇ. ಒಂದೇ ಕಾರ್ಯಕ್ರಮ ಒಂದೇ ಹೊತ್ತಿಗೆ ಎರಡೂ ದೇಶಗಳ ವಾಹಿನಿಗಳಲ್ಲಿ ಬರುತ್ತಿದ್ದರೆ, ಅಮೆರಿಕದ ಪ್ರಸಾರ ತೆಗೆದು ಆ ಜಾಗದಲ್ಲೂ ತನ್ನದನ್ನೇ ಕೂರಿಸುವಂತೆ ಸ್ಥಳೀಯ ವಾಹಿನಿ ಕೇಬಲ್ ಕಂಪನಿಯನ್ನು ಕೇಳಬಹುದು. 1972ರಲ್ಲಿ ಬಂದ ನಿಯಮ ಇದು. ನೋಡುಗ ಯಾವ ನಂಬರ್ ಒತ್ತಿದರೂ ಜಾಹೀರಾತಿನ ದುಡ್ಡು ಕೆನಡಾದಲ್ಲೇ ಉಳಿಯಬೇಕು ಎಂಬುದು ಅದರ ಲೆಕ್ಕ.

ಈ ನಿಯಮವನ್ನು ಹುಟ್ಟಿಸಿದ ಆತಂಕ ಸುಳ್ಳಾಗಿರಲಿಲ್ಲ. ಕೆನಡಾದ ಬಹುಪಾಲು ಜನ ಅಮೆರಿಕದ ಗಡಿಗೆ ಹತ್ತಿರವೇ ನೆಲೆಸಿದ್ದಾರೆ. ಬಫಲೊದಲ್ಲಿ 1948ರಲ್ಲೇ ಟೀವಿ ಪ್ರಸಾರ ಶುರುವಾಗಿತ್ತು. ಕೆನಡಾದ ಸಾರ್ವಜನಿಕ ಸಂಸ್ಥೆ ಸಿಬಿಸಿ ಟೀವಿ ಆರಂಭಿಸಿದ್ದು 1952ರ ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ಟೀವಿ ಕೊಂಡಿದ್ದ ಟೊರಾಂಟೊದ ಜನ ಆಂಟೆನಾವನ್ನು ಒಂಟೇರಿಯೊ ಸರೋವರದ ಆಚೆ ದಡದ ಕಡೆಗೆ ತಿರುಗಿಸಿಯಾಗಿತ್ತು. ಪಶ್ಚಿಮದ ಕತೆಯೂ ಇದೇ. ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಎಂಬ ಸಣ್ಣ ಊರಿನ ಕೆವಿಒಎಸ್ ಕೇಂದ್ರ 1953ರಲ್ಲಿ ಪ್ರಸಾರ ಶುರುಮಾಡಿದ್ದೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ತೋರಿಸಿ. ಅಮೆರಿಕದ ಒಂದು ಊರಿಗೆ ಇಂಗ್ಲೆಂಡಿನ ರಾಣಿಯ ಪಟ್ಟಾಭಿಷೇಕದಿಂದ ಆಗಬೇಕಾದ್ದೇನೂ ಇರಲಿಲ್ಲ. ಆ ಕೇಂದ್ರದ ಕಣ್ಣು ಇದ್ದದ್ದು ಗಡಿಯಾಚೆಯ ವ್ಯಾಂಕೂವರ್ ನಗರದ ಮೇಲೆ. ನೋಡುಗರೂ ಜಾಹೀರಾತುದಾರರೂ ಅಲ್ಲಿದ್ದರು.

ಕೆನಡಾದ ಪ್ರಸಾರ ನಿಯಂತ್ರಣ ಆಯೋಗ ಸಿಆರ್‌ಟಿಸಿ 1968ರಲ್ಲಿ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಪಿಯೆರ್ ಜುನೊ ಗಡಿಯಾಚೆಗೆ ಹರಿಯುವ ದುಡ್ಡಿನ ಈ ಸೋರಿಕೆಯನ್ನು ಗಂಭೀರವಾಗಿ ತೆಗೆದುಕೊಂಡವರು. ಆ ದಿನಗಳಲ್ಲಿ ಪ್ರಸಾರ ಬದಲಿಸುವುದಕ್ಕಿಂತ ಒರಟಾದ ಇನ್ನೊಂದು ದಾರಿಯನ್ನೂ ಹಿಡಿದು ನೋಡಲಾಯಿತು. ಕಾರ್ಯಕ್ರಮ ಕೆನಡಾದ ವಾಹಿನಿಯಲ್ಲಿ ಇರಲಿ, ಇಲ್ಲದಿರಲಿ, ಬಫಲೊ ವಾಹಿನಿಗಳ ಜಾಹೀರಾತನ್ನು ಕೇಬಲ್ ಕಂಪನಿ ಅಲ್ಲಲ್ಲಿ ಅಳಿಸಿಬಿಡುವುದು. ಟೊರಾಂಟೊದ ರೋಜರ್ಸ್ ಕೇಬಲ್ 1973ರಲ್ಲಿ ಹಾಗೆ ಅಳಿಸತೊಡಗಿತು. ಬಫಲೊದವರು ಕೋರ್ಟಿಗೆ ಹೋದರು. 1977ರ ಕೊನೆಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆಯೋಗದ ಅಧಿಕಾರವನ್ನು ಎತ್ತಿಹಿಡಿಯಿತು. ಆದರೂ ಈ ಅಳಿಸುವ ಪದ್ಧತಿ ಬಾಳಲಿಲ್ಲ. 1976ರಲ್ಲಿ ಬಂದ ತೆರಿಗೆ ತಿದ್ದುಪಡಿ ಅದಕ್ಕಿಂತ ಹರಿತವಾಗಿತ್ತು. ಕೆನಡಾದ ಗಿರಾಕಿಗಳನ್ನು ಮುಟ್ಟಲು ಗಡಿಯಾಚೆಯ ವಾಹಿನಿಗೆ ಜಾಹೀರಾತು ಕೊಟ್ಟ ಕೆನಡಾದ ವ್ಯಾಪಾರಿ, ಆ ಖರ್ಚನ್ನು ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂದಾಯಿತು. 1984ರಲ್ಲಿ ಅಮೆರಿಕವೂ ಅಂಥದೇ ಕಾನೂನು ತಂದು ಸೇಡು ತೀರಿಸಿಕೊಂಡಿತು.

ದುಡ್ಡು ಉಳಿಯಿತು, ನಿಜ. ಜಾಹೀರಾತು ಬದಲಾವಣೆಯಿಂದ ಖಾಸಗಿ ವಾಹಿನಿಗಳಿಗೆ ಆಗುವ ಲಾಭ ವರ್ಷಕ್ಕೆ ಸುಮಾರು 25 ಕೋಟಿ ಡಾಲರ್ ಎಂಬ ಅಂದಾಜು 2015ರ ಹೊತ್ತಿಗೆ ಚಾಲ್ತಿಯಲ್ಲಿತ್ತು. ಆದರೆ ಆ ದುಡ್ಡು ಬರಬೇಕಾದರೆ ಕೆನಡಾದ ವಾಹಿನಿ ಏನು ಮಾಡಬೇಕಿತ್ತು ಎಂಬುದನ್ನು ನೋಡಬೇಕು. ಅಮೆರಿಕದ ಜನಪ್ರಿಯ ಧಾರಾವಾಹಿಯ ಹಕ್ಕು ಕೊಳ್ಳಬೇಕು. ನ್ಯೂಯಾರ್ಕಿನವರು ಗುರುವಾರ ರಾತ್ರಿ ಒಂಬತ್ತಕ್ಕೆ ಹಾಕಿದರೆ ತಾನೂ ಗುರುವಾರ ರಾತ್ರಿ ಒಂಬತ್ತಕ್ಕೇ ಹಾಕಬೇಕು. ಅವರು ಮಂಗಳವಾರಕ್ಕೆ ಬದಲಿಸಿದರೆ ತಾನೂ ಮಂಗಳವಾರಕ್ಕೆ. ಹೀಗೆ ರಾತ್ರಿ ಎಂಟರಿಂದ ಹನ್ನೊಂದರವರೆಗಿನ ಅತ್ಯುತ್ತಮ ಹೊತ್ತು ಅಮೆರಿಕದ ಕಾರ್ಯಕ್ರಮಗಳ ಪಾಲಾಯಿತು. ಕೆನಡಾದವರೇ ಬರೆದು, ನಟಿಸಿ, ತೆಗೆದ ನಾಟಕಕ್ಕೆ ಉಳಿದದ್ದು ಅಳಿದುಳಿದ ವೇಳೆ. ಸಂಜೆ ಆರರಿಂದ ಮಧ್ಯರಾತ್ರಿವರೆಗಿನ ಪ್ರಸಾರದಲ್ಲಿ ಅರ್ಧ ಕೆನಡಾದ್ದಿರಬೇಕೆಂಬ ನಿಯಮ ಬೇರೆ ಇತ್ತು. ಆರು ಗಂಟೆಯ ವಾರ್ತೆ, ಹನ್ನೊಂದು ಗಂಟೆಯ ವಾರ್ತೆ ಸೇರಿಸಿದರೆ ಅದರ ದೊಡ್ಡ ಪಾಲು ತುಂಬುತ್ತಿತ್ತು.

‘ಫ್ಲ್ಯಾಶ್‌ಪಾಯಿಂಟ್’ ಧಾರಾವಾಹಿಯ ಉದಾಹರಣೆ ನನಗೆ ಮುಖ್ಯವೆನಿಸುತ್ತದೆ. ಟೊರಾಂಟೊದಲ್ಲಿ ಚಿತ್ರೀಕರಿಸಿದ, ಕೆನಡಾದವರೇ ಸೃಷ್ಟಿಸಿದ ಪೊಲೀಸ್ ಕತೆ ಅದು. ಅಮೆರಿಕದ ಸಿಬಿಎಸ್ ಕೂಡ ಅದನ್ನು ಕೊಂಡಿತು. 2008ರ ಜುಲೈನಲ್ಲಿ ಎರಡೂ ದೇಶಗಳಲ್ಲಿ ಒಟ್ಟಿಗೇ ಶುರುವಾಯಿತು. ಸಿಬಿಎಸ್ ಜೊತೆ ವೇಳೆ ಹೊಂದಿದರೆ ಅದನ್ನು ಕೆನಡಾದಲ್ಲಿ ತೋರಿಸುತ್ತಿದ್ದ ಸಿಟಿವಿ ವಾಹಿನಿಗೆ ಲಾಭ. ಹೀಗಾಗಿ ಮನೆಯಲ್ಲೇ ಹುಟ್ಟಿದ ಕತೆಯ ವೇಳೆಯನ್ನೂ ಗಡಿಯಾಚೆಯ ವೇಳಾಪಟ್ಟಿಯೇ ಎಳೆಯುವಂತಾಯಿತು. ಅಂಗಡಿಯ ಆದಾಯಕ್ಕೆ ರಕ್ಷಣೆ ಸಿಕ್ಕಿತು. ಕಸುಬುದಾರನಿಗೆ ತನ್ನ ಹೊತ್ತು ಸಿಗಲಿಲ್ಲ.

ಅದೇ ದೇಶದ ಕ್ಯುಬೆಕ್ ಪ್ರಾಂತದಲ್ಲಿ ಚಿತ್ರವೇ ಬೇರೆ. ಅಲ್ಲಿಯ ಹೆಚ್ಚಿನವರು ಫ್ರೆಂಚ್ ಮಾತಾಡುವವರು. ಅಮೆರಿಕದ ವಾಹಿನಿ ಅವರ ಮನೆಗಳಿಗೂ ಬರುತ್ತದೆ, ಆದರೆ ಅವರಿಗೆ ಬೇಕಾದದ್ದು ತಮ್ಮ ಮಾತಿನ ಕತೆ. ‘ಲಾ ಪತೀತ್ ವೀ’ ಎಂಬ ಹಾಸ್ಯ ಧಾರಾವಾಹಿಯ ಒಂದು ಕಂತನ್ನು 1995ರಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಆಗ ಕ್ಯುಬೆಕ್‌ನ ಒಟ್ಟು ಜನಸಂಖ್ಯೆಯೇ 70 ಲಕ್ಷಕ್ಕಿಂತ ತುಸು ಹೆಚ್ಚು. ಆ ಜನರನ್ನು ಟೀವಿಯ ಮುಂದೆ ಕೂರಿಸಿದ್ದು ಜಾಹೀರಾತು ಬದಲಿಸುವ ನಿಯಮವಲ್ಲ, ತಮ್ಮ ನುಡಿಯಲ್ಲಿ ತಮ್ಮವರು ಬರೆದ ಕತೆ.

ಇಂಗ್ಲಿಷ್ ಕೆನಡಾದಲ್ಲಿ ಜನ ಈ ನಿಯಮದ ಮೇಲೆ ಸಿಟ್ಟಾಗುತ್ತಿದ್ದುದು ವರ್ಷಕ್ಕೊಮ್ಮೆ, ಸೂಪರ್ ಬೌಲ್ ದಿನ. ಅಮೆರಿಕನ್ ಫುಟ್‌ಬಾಲಿನ ಈ ಅಂತಿಮ ಪಂದ್ಯದಲ್ಲಿ ಜಾಹೀರಾತೇ ಒಂದು ಆಕರ್ಷಣೆ. ರಿಡ್ಲಿ ಸ್ಕಾಟ್ ನಿರ್ದೇಶಿಸಿದ ಆ್ಯಪಲ್ ಜಾಹೀರಾತು 1984ರಲ್ಲಿ ಬಂದದ್ದು ಇದೇ ಪಂದ್ಯದ ನಡುವೆ. ಅಮೆರಿಕದಲ್ಲಿ 30 ಸೆಕೆಂಡಿಗೆ 50 ಲಕ್ಷ ಡಾಲರ್‌ವರೆಗೆ ಬೆಲೆ ಏರಿದ ಮೇಲೂ ಕೆನಡಾದ ಕೇಬಲ್ ಗ್ರಾಹಕರಿಗೆ ಅವು ಕಾಣುತ್ತಿರಲಿಲ್ಲ. ದೂರುಗಳು ರಾಶಿ ಬಿದ್ದವು. ಈ ಪಂದ್ಯದಲ್ಲಿ ಜಾಹೀರಾತೂ ಕಾರ್ಯಕ್ರಮದ ಭಾಗವೇ ಎಂದು ಒಪ್ಪಿದ ಆಯೋಗ, 2017ರಿಂದ ಸೂಪರ್ ಬೌಲ್‌ನಲ್ಲಿ ಬದಲಾವಣೆ ಬೇಡ ಎಂದು 2015ರಲ್ಲಿ ತೀರ್ಮಾನಿಸಿತು. ಪ್ರಸಾರದ ಹಕ್ಕು ಕೊಂಡಿದ್ದ ಬೆಲ್ ಕಂಪನಿಗೆ ಅದು ಸಿಡಿಲು. 2017ರಲ್ಲಿ ತನ್ನ ವಾಹಿನಿಗಳ ನೋಡುಗರು ಸುಮಾರು ಶೇ 39ರಷ್ಟು ಕುಸಿದರೆಂದು ಅದು ಹೇಳಿಕೊಂಡಿತು. ಫುಟ್‌ಬಾಲ್ ಲೀಗ್ ಕೂಡ ಬೆಲ್ ಜೊತೆ ನಿಂತಿತು. 2019ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟ್ ಆಯೋಗದ ಆದೇಶವನ್ನು ರದ್ದುಗೊಳಿಸಿತು. ಆಯೋಗ ನೆಚ್ಚಿದ್ದ ಕಾನೂನಿನ ಕಲಮು ಕೇಬಲ್ ಕಂಪನಿಗಳು ವಾಹಿನಿಗಳನ್ನು ಹೊತ್ತು ತರುವ ಷರತ್ತುಗಳಿಗೆ ಸಂಬಂಧಿಸಿದ್ದು; ಒಂದೇ ಒಂದು ಕಾರ್ಯಕ್ರಮವನ್ನು ಹಿಡಿದು ಆದೇಶ ಮಾಡಲು ಅದು ಅಧಿಕಾರ ಕೊಡುವುದಿಲ್ಲ ಎಂದಿತು. ಸಾಲದೆಂಬಂತೆ, 2020ರ ಜುಲೈನಲ್ಲಿ ಜಾರಿಗೆ ಬಂದ ಅಮೆರಿಕ–ಮೆಕ್ಸಿಕೊ–ಕೆನಡಾ ವ್ಯಾಪಾರ ಒಪ್ಪಂದದಲ್ಲೂ ಆ ಆದೇಶವನ್ನು ಹಿಂತೆಗೆಯುವ ಮಾತು ಸೇರಿತು. ಒಂದು ದೇಶದ ಟೀವಿಯಲ್ಲಿ ಯಾವ ಜಾಹೀರಾತು ಬರಬೇಕೆಂದು ನಿರ್ಧರಿಸುವ ಮಾತು ಮೂರು ದೇಶಗಳ ಕರಾರಿನಲ್ಲಿ ಬರೆಸಿಕೊಳ್ಳುವ ಸಂಗತಿಯಾದದ್ದು ನನಗೆ ಕಳವಳದ ವಿಷಯ.

ಜಾಹೀರಾತು ಬದಲಿಸುವ ಈ ವಿದ್ಯೆ ಭಾರತದಲ್ಲಿ ನಮಗೂ ಹೊಸತಲ್ಲ. 2008ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮಾಗಿ ಕಂಪನಿ, ದೇಶಕ್ಕೆಲ್ಲ ಒಂದೇ ಆಗಿ ಉಪಗ್ರಹದಿಂದ ಇಳಿಯುವ ವಾಹಿನಿಯಲ್ಲಿ ಊರಿಗೊಂದು ಜಾಹೀರಾತು ಕೂರಿಸುವ ತಂತ್ರವನ್ನು ಬೆಳೆಸಿತು. ಇಡೀ ದೇಶದ ಪ್ರಸಾರಕ್ಕೆ ಹಣ ಸುರಿಯಲಾಗದ ಸಣ್ಣ ವ್ಯಾಪಾರಿ ತನ್ನ ಪ್ರದೇಶಕ್ಕಷ್ಟೇ ದುಡ್ಡು ಕೊಟ್ಟು ದೊಡ್ಡ ವಾಹಿನಿಯಲ್ಲಿ ಕಾಣಿಸಿಕೊಳ್ಳಬಹುದು. ಕೆನಡಾದಲ್ಲಿ ಸರ್ಕಾರ ನಿಯಮದಿಂದ ಮಾಡಿದ್ದನ್ನು ಇಲ್ಲಿ ವ್ಯಾಪಾರ ತಾನಾಗಿ ಮಾಡಿತು. ಆದರೆ ಜಾಹೀರಾತು ಸ್ಥಳೀಯವಾದ ಮಾತ್ರಕ್ಕೆ ಅದರ ಹಿಂದಿನ ದುಡಿಮೆ ಸ್ಥಳೀಯವಾಗುವುದಿಲ್ಲ. ನಮ್ಮ ಕನ್ನಡ ವಾಹಿನಿಗಳಲ್ಲಿ ದೊಡ್ಡ ಕಂಪನಿಗಳ ಎಷ್ಟೋ ಜಾಹೀರಾತು ಹಿಂದಿಗೆಂದು ತೆಗೆದು ಕನ್ನಡಕ್ಕೆ ಡಬ್ ಮಾಡಿದವು. ತುಟಿ ಆಡುವುದು ಒಂದು, ಕಿವಿಗೆ ಬೀಳುವುದು ಇನ್ನೊಂದು. ಕನ್ನಡದಲ್ಲೇ ಯೋಚಿಸಿ ಬರೆಯುವವರಿಗೆ, ಇಲ್ಲಿಯ ನಟರಿಗೆ, ಛಾಯಾಗ್ರಾಹಕರಿಗೆ ಅದರಿಂದ ಕೆಲಸ ಹುಟ್ಟುವುದಿಲ್ಲ.

ಕೆನಡಾದಲ್ಲಿ ಈಗ ಜನ ಕೇಬಲ್ ಬಿಟ್ಟು ಸ್ಟ್ರೀಮಿಂಗ್ ಕಡೆ ಹೊರಟಿದ್ದಾರೆ. ಅಲ್ಲಿ ಬದಲಿಸಲು ವಾಹಿನಿಯ ನಂಬರೂ ಇಲ್ಲ, ಹೊಂದಿಸಲು ವೇಳೆಯೂ ಇಲ್ಲ. ಸಿಆರ್‌ಟಿಸಿ 2024ರ ಜೂನ್‌ನಲ್ಲಿ ಬೇರೆ ದಾರಿ ಹಿಡಿಯಿತು. ಕೆನಡಾದಲ್ಲಿ ವರ್ಷಕ್ಕೆ 2.5 ಕೋಟಿ ಡಾಲರ್‌ಗಿಂತ ಹೆಚ್ಚು ಗಳಿಸುವ ಸ್ಟ್ರೀಮಿಂಗ್ ಸಂಸ್ಥೆಗಳು ಅಲ್ಲಿಯ ವರಮಾನದ ಶೇ 5ರಷ್ಟನ್ನು ಕೆನಡಾದ ಕಾರ್ಯಕ್ರಮ, ಸಂಗೀತ, ಸ್ಥಳೀಯ ಸುದ್ದಿಯಂಥವುಗಳ ನಿಧಿಗಳಿಗೆ ಕೊಡಬೇಕು ಎಂದಿತು. ಕಂಪನಿಗಳು ಕೋರ್ಟಿಗೆ ಹೋದವು. ಈ ಜಗಳದಲ್ಲಿ ನಾನು ಆಯೋಗದ ಪರ. ಅರ್ಧ ಶತಮಾನ ದುಡ್ಡನ್ನು ವಾಹಿನಿಯ ಗಲ್ಲಾಪೆಟ್ಟಿಗೆಗೆ ತಿರುಗಿಸಿ, ಅಲ್ಲಿಂದ ಕತೆಗಾರನಿಗೆ ಇಳಿದೀತೆಂದು ಕಾದದ್ದಾಯಿತು. ಈ ಆದೇಶ ಅದನ್ನು ನೇರವಾಗಿ ಬರೆಯುವವರ, ಹಾಡುವವರ, ಸುದ್ದಿ ತರುವವರ ಕೈಗೆ ಮುಟ್ಟಿಸಲು ಹೊರಟಿದೆ.