ಬಿಡಿಭಾಗ ಬದಲಿಸಿದ ನಂತರ ಪರದೆ ಮೂಡದ ಗಣಕಯಂತ್ರ: ಕಚೇರಿ ಹಂತದಲ್ಲಿ ಅನುಸರಿಸಬೇಕಾದ ಪರಿಶೀಲನಾ ಕ್ರಮ

ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರವು ನಿಧಾನಗೊಂಡಾಗ ರ‍್ಯಾಮ್ ಹೆಚ್ಚಿಸುವುದು, ಹಾರ್ಡ್ ಡಿಸ್ಕ್ ಜಾಗದಲ್ಲಿ ಎಸ್‌ಎಸ್‌ಡಿ ಅಳವಡಿಸುವುದು ಅಥವಾ ವಿದ್ಯುತ್ ಪೂರೈಕೆ ಘಟಕವನ್ನು ಬದಲಿಸುವುದು ವಾಡಿಕೆಯಲ್ಲಿದೆ. ಹೀಗೆ ಬದಲಿಸಿದ ಬಳಿಕ ಕೆಲವೊಮ್ಮೆ ಯಂತ್ರದ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ. ಆದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಅಂದು ನಮೂನೆ 9 ಮತ್ತು 11ಎ ಪಡೆಯಲು ಬಂದ ಸಾರ್ವಜನಿಕರು ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ.

ಅವಸರದ ದುರಸ್ತಿಯಿಂದ ಇದಕ್ಕಿಂತ ದೊಡ್ಡ ಹಾನಿ ಸಂಭವಿಸಬಹುದು. ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳಲ್ಲಿ ದಾಖಲಿಸಿದ ಮಾಹಿತಿಯು ಸರ್ವರ್‌ನಲ್ಲಿರುತ್ತದೆ. ಆದರೆ ಸಭಾ ನಡವಳಿಗಳ ಕರಡು, ಸ್ಕ್ಯಾನ್ ಮಾಡಿದ ಅರ್ಜಿಗಳು, ಕಾಮಗಾರಿಗಳ ಛಾಯಾಚಿತ್ರಗಳು ಅನೇಕ ವೇಳೆ ಕಚೇರಿಯ ಡಿಸ್ಕ್‌ನಲ್ಲಿ ಮಾತ್ರ ಉಳಿದಿರುತ್ತವೆ. "ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು" ಎಂಬ ಸಲಹೆಯನ್ನು ಪರಿಶೀಲಿಸದೆ ಒಪ್ಪಿದಲ್ಲಿ ಈ ದಾಖಲೆಗಳು ನಷ್ಟವಾಗುತ್ತವೆ.

ದೋಷ ಎಲ್ಲಿದೆ ಎಂಬುದರ ನಿರ್ಧಾರ

ಗುಂಡಿ ಒತ್ತಿದೊಡನೆ ಗಣಕಯಂತ್ರವು ಮೊದಲು ಪ್ರೊಸೆಸರ್, ರ‍್ಯಾಮ್ ಮತ್ತು ಗ್ರಾಫಿಕ್ಸ್ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಈ ಪರೀಕ್ಷೆ ಮುಗಿದ ಮೇಲಷ್ಟೇ ಡಿಸ್ಕ್‌ನಲ್ಲಿರುವ ವಿಂಡೋಸ್ ಅನ್ನು ಓದಲು ತೊಡಗುತ್ತದೆ. ಆದ್ದರಿಂದ ತಯಾರಕರ ಚಿಹ್ನೆಯೂ ಮೂಡದೆ ಪರದೆ ಮೊದಲಿನಿಂದಲೇ ಕಪ್ಪಾಗಿದ್ದರೆ ದೋಷವು ಬಹುಮಟ್ಟಿಗೆ ಯಂತ್ರಭಾಗದ್ದು; ವಿಂಡೋಸ್ ಮರುಸ್ಥಾಪನೆಯಿಂದ ಅದು ಪರಿಹಾರವಾಗದು. ಚಿಹ್ನೆ ಮೂಡಿ ಅನಂತರ ಪರದೆ ಕಪ್ಪಾದರೆ ಮಾತ್ರ ಡಿಸ್ಕ್ ಅಥವಾ ವಿಂಡೋಸ್ ಕಡೆಗೆ ಗಮನ ಹರಿಸಬೇಕು.

ಮುನ್ನೆಚ್ಚರಿಕೆ

ವಾರಂಟಿ ಅವಧಿಯಲ್ಲಿರುವ ಯಂತ್ರದ ಮೊಹರನ್ನು ಕಚೇರಿ ಹಂತದಲ್ಲಿ ತೆರೆಯತಕ್ಕದ್ದಲ್ಲ. ಇತರ ಯಂತ್ರಗಳನ್ನು ತೆರೆಯುವ ಮುನ್ನ ಯುಪಿಎಸ್ ಆರಿಸಿ, ವಿದ್ಯುತ್ ತಂತಿಯನ್ನು ಪೂರ್ಣವಾಗಿ ಕಳಚಿ, ಚಾಲನೆಯ ಗುಂಡಿಯನ್ನು 15 ಸೆಕೆಂಡು ಒತ್ತಿ ಹಿಡಿಯಬೇಕು. ಉಳಿದ ವಿದ್ಯುತ್ ಇದರಿಂದ ಖಾಲಿಯಾಗುತ್ತದೆ. ಬಿಡಿಭಾಗ ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಸ್ಪರ್ಶಿಸಬೇಕು. ತಂತಿಗಳ ಈಗಿನ ಜೋಡಣೆಯನ್ನು ಮೊಬೈಲ್‌ನಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು. ವಿದ್ಯುತ್ ಪೂರೈಕೆ ಘಟಕವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಸಂಪರ್ಕ ಕಳಚಿದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಪರಿಶೀಲನೆಯ ಅನುಕ್ರಮ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡುವುದು ಇಲ್ಲಿನ ಮೂಲ ನಿಯಮ. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರದೆಂದು ತಿಳಿಯುವುದಿಲ್ಲ.

1. ಮಾನಿಟರ್: "ಸಿಗ್ನಲ್ ಇಲ್ಲ" ಎಂಬ ಅರ್ಥದ ಸಂದೇಶ ಕಂಡರೆ ಮಾನಿಟರ್‌ಗೆ ವಿದ್ಯುತ್ ತಲುಪುತ್ತಿದೆ, ಚಿತ್ರ ಮಾತ್ರ ತಲುಪುತ್ತಿಲ್ಲ ಎಂದರ್ಥ. ಕೇಬಲ್‌ನ ಎರಡೂ ತುದಿಗಳನ್ನು ಮರುಜೋಡಿಸಿ, ಮಾನಿಟರ್‌ನಲ್ಲಿ ಎಚ್‌ಡಿಎಂಐ ಅಥವಾ ವಿಜಿಎ ಸರಿಯಾಗಿ ಆಯ್ಕೆಯಾಗಿದೆಯೇ ನೋಡಬೇಕು.

2. ಗ್ರಾಫಿಕ್ಸ್ ಕಾರ್ಡ್: ಪ್ರತ್ಯೇಕ ಕಾರ್ಡ್ ಇದ್ದಲ್ಲಿ ಮಾನಿಟರ್ ಕೇಬಲ್ ಅದಕ್ಕೇ ಜೋಡಣೆಯಾಗಿರಬೇಕು, ಮದರ್‌ಬೋರ್ಡ್‌ನ ಕಿಂಡಿಗಲ್ಲ. ಕೆಲವು ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಭಾಗವೇ ಇರುವುದಿಲ್ಲ. ಅಂತಹ ಯಂತ್ರದಿಂದ ಕಾರ್ಡ್ ತೆಗೆದರೆ ಪರದೆ ಮೂಡುವುದು ಸಾಧ್ಯವಿಲ್ಲ.

3. ವಿದ್ಯುತ್ ಸಂಪರ್ಕ: ಮದರ್‌ಬೋರ್ಡ್‌ಗೆ 24 ಪಿನ್‌ಗಳ ದೊಡ್ಡ ಸಂಪರ್ಕವಲ್ಲದೆ, ಪ್ರೊಸೆಸರ್ ಬಳಿ 4 ಅಥವಾ 8 ಪಿನ್‌ಗಳ ಇನ್ನೊಂದು ಸಂಪರ್ಕವಿರುತ್ತದೆ. ಪೂರೈಕೆ ಘಟಕ ಬದಲಿಸುವಾಗ ಎರಡನೆಯದು ಮರೆತುಹೋಗುವುದುಂಟು. ಆಗ ಫ್ಯಾನ್ ತಿರುಗಿದರೂ ಪರದೆ ಮೂಡುವುದಿಲ್ಲ.

4. ರ‍್ಯಾಮ್: ಹೆಚ್ಚಿನ ಪ್ರಕರಣಗಳು ಇಲ್ಲಿಯೇ ಇತ್ಯರ್ಥವಾಗುತ್ತವೆ. ಡಿಡಿಆರ್3 ರ‍್ಯಾಮ್‌ಗೆ 240 ಪಿನ್, ಡಿಡಿಆರ್4 ರ‍್ಯಾಮ್‌ಗೆ 288 ಪಿನ್. ಕಚ್ಚಿನ ಸ್ಥಾನವೂ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಬಲವಂತದಿಂದ ಒತ್ತಬಾರದು. ಸರಿಯಾದ ರ‍್ಯಾಮ್ ಅನ್ನು ಬದಿಯ ಕೊಕ್ಕೆ "ಟಕ್" ಎನ್ನುವವರೆಗೆ ಕೂರಿಸಬೇಕು. ಧೂಳು, ತೇವಾಂಶದಿಂದ ಮಸುಕಾದ ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರ್‌ನಿಂದ ಹಗುರಾಗಿ ಉಜ್ಜಿ, ಪುಡಿಯನ್ನು ಒರೆಸಬೇಕು. ಎರಡು ರ‍್ಯಾಮ್‌ಗಳಿದ್ದಲ್ಲಿ ಹಳೆಯದೊಂದನ್ನೇ ಇರಿಸಿ ಚಾಲನೆ ಮಾಡುವುದು. ಬಳಿಕ ಹೊಸದೊಂದನ್ನೇ ಅದೇ ಜಾಗದಲ್ಲಿರಿಸಿ ನೋಡುವುದು. ಹೊಸ ರ‍್ಯಾಮ್ ಹಾಕಿದ ಮೊದಲ ಬಾರಿ ಕೆಲವು ಯಂತ್ರಗಳು ಒಂದೆರಡು ನಿಮಿಷ ತೆಗೆದುಕೊಳ್ಳುವುದರಿಂದ ತಾಳ್ಮೆ ಅಗತ್ಯ.

5. ಮದರ್‌ಬೋರ್ಡ್ ಬ್ಯಾಟರಿ: ನಾಣ್ಯದಾಕಾರದ, 3 ವೋಲ್ಟ್‌ನ ಸಿಆರ್2032 ಬ್ಯಾಟರಿಯನ್ನು, ವಿದ್ಯುತ್ ಕಳಚಿದ ಸ್ಥಿತಿಯಲ್ಲೇ 5 ನಿಮಿಷ ಹೊರತೆಗೆದು ಮರುಜೋಡಿಸಿದರೆ, ಸಾಮಾನ್ಯವಾಗಿ ಹಳೆಯ ಸೆಟ್ಟಿಂಗ್‌ಗಳು ಅಳಿದು ಮೂಲಸ್ಥಿತಿಗೆ ಬರುತ್ತವೆ. ಇದರಿಂದ ಡಿಸ್ಕ್‌ನ ಮಾಹಿತಿ ಅಳಿಯುವುದಿಲ್ಲ. ಡಿಸ್ಕ್‌ಗೆ ಬಿಟ್‌ಲಾಕರ್ ಅಳವಡಿಸಿದ್ದಲ್ಲಿ ಮಾತ್ರ ಅದರ ಕೀಲಿಸಂಖ್ಯೆ ಕೈಯಲ್ಲಿರುವುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

6. ಕನಿಷ್ಠ ಜೋಡಣೆ: ಮೇಲಿನವು ಫಲಿಸದಿದ್ದಲ್ಲಿ ಡಿಸ್ಕ್, ಪ್ರಿಂಟರ್, ಪೆನ್‌ಡ್ರೈವ್, ಡಿಜಿಟಲ್ ಸಹಿಯ ಟೋಕನ್ ಎಲ್ಲವನ್ನೂ ಬೇರ್ಪಡಿಸಿ ಒಂದೇ ರ‍್ಯಾಮ್‌ನೊಂದಿಗೆ ಚಾಲನೆ ಮಾಡುವುದು. ಪರದೆ ಮೂಡಿದರೆ ಒಂದೊಂದಾಗಿ ಮರುಜೋಡಿಸುತ್ತ ಬರಬೇಕು. ಯಾವುದನ್ನು ಜೋಡಿಸಿದಾಗ ಪರದೆ ಮತ್ತೆ ಮಾಯವಾಗುವುದೋ ದೋಷ ಅಲ್ಲಿದೆ. ಬೀಪ್ ಸದ್ದು ಬಂದಲ್ಲಿ ಅದರ ಎಣಿಕೆಯನ್ನು ಬರೆದಿಟ್ಟುಕೊಳ್ಳುವುದು. ಅದರ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಕೈಪಿಡಿಯನ್ನು ನೋಡಬೇಕು.

ತಂತ್ರಜ್ಞರಿಗೆ ಒಪ್ಪಿಸುವಾಗ

ಇಷ್ಟಾದರೂ ಪರದೆ ಮೂಡದಿದ್ದರೆ ಮದರ್‌ಬೋರ್ಡ್, ಪ್ರೊಸೆಸರ್ ಅಥವಾ ಪೂರೈಕೆ ಘಟಕದ ದೋಷವನ್ನು ಶಂಕಿಸಿ ತಂತ್ರಜ್ಞರಿಗೆ ಒಪ್ಪಿಸಬೇಕು. ಯಂತ್ರವನ್ನು ಕಚೇರಿಯಿಂದ ಹೊರಗೆ ಕಳುಹಿಸುವ ಮುನ್ನ ಡಿಸ್ಕ್ ಕಳಚಿ ಕಚೇರಿಯಲ್ಲೇ ಭದ್ರವಾಗಿ ಇರಿಸಿಕೊಳ್ಳುವುದು. ಅದನ್ನು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ಕಡತಗಳನ್ನು ನಕಲಿಸಿಕೊಳ್ಳಬಹುದು. ಡಿಜಿಟಲ್ ಸಹಿಯ ಟೋಕನ್ ಅನ್ನು ಯಂತ್ರದೊಂದಿಗೆ ಎಂದಿಗೂ ಕಳುಹಿಸಬಾರದು.

ಪರದೆ ಮೂಡಿದ ನಂತರ

ಬ್ಯಾಟರಿ ತೆಗೆದಿದ್ದಲ್ಲಿ ದಿನಾಂಕ ಮತ್ತು ಸಮಯವನ್ನು ಮೊದಲು ಸರಿಪಡಿಸಬೇಕು. ದಿನಾಂಕ ಹಿಂದಿನ ವರ್ಷದ್ದಾಗಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಇದನ್ನು ಇಂಟರ್‌ನೆಟ್ ದೋಷವೆಂದು ತಪ್ಪಾಗಿ ಭಾವಿಸಿ ದಿನ ಕಳೆಯುವ ಸಂಭವವಿದೆ. ಮುಖ್ಯ ಕಡತಗಳನ್ನು ಬಾಹ್ಯ ಡಿಸ್ಕ್‌ಗೆ ಅಂದೇ ನಕಲಿಸಿಡುವುದು. ತೆಗೆದ ಹಾಗೂ ಅಳವಡಿಸಿದ ಬಿಡಿಭಾಗಗಳ ವಿವರವನ್ನು ದಾಸ್ತಾನು ವಹಿಯಲ್ಲಿ ದಿನಾಂಕ ಸಹಿತ ನಮೂದಿಸಿದರೆ, ಮುಂದೆ ಇಂತಹದೇ ತೊಂದರೆ ಎದುರಾದಾಗ ಕೊನೆಯದಾಗಿ ಬದಲಾದ ಭಾಗ ಯಾವುದೆಂದು ತಕ್ಷಣ ತಿಳಿಯುತ್ತದೆ.