ದಿಲ್ಲಿಯ ನೀರುನೆಲೆಗಳೂ ಹಲಗೆಯ ವಿಹಾರವೂ

ಸರೋಜಿನಿ ನಗರದ ಸುತ್ತಮುತ್ತ ಸುರಿದ ಮಳೆ ಕುಶಕ್ ನಾಲೆಯನ್ನು ಕೂಡಿ, ಬಾರಾಪುಲ್ಲಾ ನಾಲೆಯ ಮೂಲಕ ಯಮುನೆಯನ್ನು ಸೇರುತ್ತದೆ. ಜಹಾಂಗೀರನ ಕಾಲದ ಹನ್ನೊಂದು ಕಮಾನುಗಳ ಸೇತುವೆಯೊಂದು ಆ ನಾಲೆಯ ಮೇಲೆ ಇಂದಿಗೂ ನಿಂತಿದೆ. ಅಷ್ಟು ದೊಡ್ಡ ಸೇತುವೆಯನ್ನು ಬೇಡಿದ ತೊರೆ ಈಗ ಕೊಳಚೆಯ ಕಾಲುವೆ. ಪ್ಯಾಡಲ್ ಬೋರ್ಡ್ ವಿಹಾರಕ್ಕೆ ತಕ್ಕ ತಾಣವನ್ನು ರಾಜಧಾನಿಯಲ್ಲಿ ಅರಸುವವರು ಮೊದಲು ಮನಗಾಣಬೇಕಾದ ಸಂಗತಿ ಇದೇ. ಭೂಪಟದಲ್ಲಿ ನೀಲಿಯಾಗಿ ಕಂಡುದನ್ನು ನಂಬಿ ಹೊರಡಲಾಗದು. ಆ ನೀರು ಎಲ್ಲಿಂದ ಬಂದಿತು, ದಾರಿಯಲ್ಲಿ ಏನನ್ನು ಕೂಡಿಸಿಕೊಂಡಿತು ಎಂಬುದನ್ನು ವಿಚಾರಿಸಬೇಕು.

ಹವಾಯಿ ದ್ವೀಪಗಳಿಂದ ಬಂದ ಈ ಕ್ರೀಡೆಯಲ್ಲಿ ಸುಮಾರು 10-11 ಅಡಿ ಉದ್ದದ ಹಲಗೆಯ ಮೇಲೆ ನಿಂತು, ಒಂದೇ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುತ್ತಾರೆ. ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಪಟ್ಟಿ ಇರುವುದರಿಂದ ಮೂರಡಿಯಾದರೂ ಆಳ ಇದ್ದರೆ ಮೇಲು. ತುಂಗಭದ್ರೆಯ ಹರಿಗೋಲನ್ನು ಬಲ್ಲ ಕನ್ನಡಿಗರಿಗೆ ಹುಟ್ಟಿನ ಕೆಲಸ ಹೊಸದೇನಲ್ಲ. ಆದರೆ ಹರಿಗೋಲಿನಲ್ಲಿ ಕುಳಿತವರು ನೀರಿಗೆ ಬೀಳುವುದು ಅಪರೂಪ. ಹಲಗೆಯ ಮೇಲೆ ನಿಂತವರು ಕಲಿಯುವ ದಿನಗಳಲ್ಲಿ ಹತ್ತಾರು ಸಲ ಬೀಳುತ್ತಾರೆ, ಒಂದೆರಡು ಗುಟುಕು ನೀರನ್ನೂ ನುಂಗುತ್ತಾರೆ. ಆದುದರಿಂದ ಇಲ್ಲಿ ಅನ್ವಯಿಸಬೇಕಾದುದು ದೋಣಿಯ ಮಾನದಂಡವಲ್ಲ, ಸ್ನಾನದ ಮಾನದಂಡ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನಯೋಗ್ಯ ನೀರಿನ ಪ್ರತಿ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಜೀವಾಣುಗಳ ಎಣಿಕೆ 500ರೊಳಗಿರುವುದು ಅಪೇಕ್ಷಣೀಯ, 2500ನ್ನು ಮೀರಕೂಡದು; ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗಿಂತ ಕಡಮೆಯಾಗಬಾರದು.

ಈ ಒರೆಗಲ್ಲಿಗೆ ಹಚ್ಚಿದರೆ ನಗರದೊಳಗಿನ ಯಮುನೆ ನಿಲ್ಲುವುದಿಲ್ಲ. ವಜೀರಾಬಾದಿನಿಂದ ಓಖ್ಲಾದವರೆಗಿನ 22 ಕಿಲೋಮೀಟರು ನದಿಯ ಒಟ್ಟು ಉದ್ದದ ನೂರಕ್ಕೆ ಎರಡು ಪಾಲೂ ಅಲ್ಲ. ಆದರೆ ಅದರ ಮಾಲಿನ್ಯದ ಸುಮಾರು ಮುಕ್ಕಾಲು ಪಾಲು ಬಂದು ಸೇರುವುದು ಇಲ್ಲಿಯೇ. ವಜೀರಾಬಾದ್ ಅಣೆಕಟ್ಟಿನ ಕೆಳಗೆ ನಜಫಗಢ ನಾಲೆ ಕೂಡುತ್ತಲೇ ನದಿಯ ಬಣ್ಣ ಬದಲಾಗುತ್ತದೆ. ಕಾಳಿಂದಿ ಕುಂಜದ ಬಳಿ ಅಕ್ಟೋಬರ್-ನವೆಂಬರಿನಲ್ಲಿ ತೇಲುವ ಬೆಳ್ಳನೆಯ ನೊರೆ ದೂರದಿಂದ ಮನೋಹರವಾಗಿಯೇ ಕಾಣುತ್ತದೆ. ಅದು ಮಾರ್ಜಕಗಳ ನೊರೆ.

ಅಣೆಕಟ್ಟಿನ ಮೇಲ್ಗಡೆಯ ಮಾತು ಬೇರೆ. ಪಲ್ಲಾ ಗ್ರಾಮದ ಬಳಿ ದಿಲ್ಲಿಯನ್ನು ಪ್ರವೇಶಿಸುವ ಯಮುನೆ ಇನ್ನೂ ಉಸಿರಾಡುವ ನದಿ. ವಜೀರಾಬಾದಿನ ಹಿಂದೆ ನಿಂತ ನೀರೇ ನಗರ ಕುಡಿಯುವ ನೀರಿನ ಒಂದು ಮುಖ್ಯ ಆಧಾರ. ಪೂರ್ವದಂಡೆಯ ಸೋನಿಯಾ ವಿಹಾರದಿಂದ ಜಗತ್‌ಪುರದವರೆಗೆ ಸುಮಾರು 4 ಕಿಲೋಮೀಟರು ವಿಹಾರನೌಕೆ ನಡೆಸುವ ಒಪ್ಪಂದಕ್ಕೆ 2025ರಲ್ಲಿ ಸಹಿಯಾದುದು ಈ ಭಾಗದಲ್ಲಿಯೇ. ಹಲಗೆಗೆ ದಿಲ್ಲಿಯ ಎಲ್ಲೆಯೊಳಗೆ ಯೋಗ್ಯವಾದ ನೀರು ಎಂದರೆ ಇದೊಂದೇ ಎನ್ನಬೇಕು. ಆದರೂ ಮೂರು ಎಚ್ಚರಿಕೆಗಳುಂಟು. ಚಳಿಗಾಲದಲ್ಲಿ ಹರಿಯಾಣದ ಕಡೆಯಿಂದ ಅಮೋನಿಯಾ ಏರಿ ನೀರು ಶುದ್ಧೀಕರಣವೇ ಕುಂಠಿತವಾಗುವ ದಿನಗಳಿರುತ್ತವೆ. ಅಂಥ ಸುದ್ದಿ ಬಂದಾಗ ಇಳಿಯಲಾಗದು. ಮಳೆಗಾಲದಲ್ಲಿ ಹಥನೀಕುಂಡದಿಂದ ಬಿಟ್ಟ ನೀರು ಒಂದೆರಡು ದಿನಗಳಲ್ಲಿ ಇಲ್ಲಿಗೆ ಬರುತ್ತದೆ. 2023ರ ಜುಲೈಯಲ್ಲಿ ಹಳೆಯ ರೈಲು ಸೇತುವೆಯಲ್ಲಿ ಮಟ್ಟ 208.66 ಮೀಟರಿಗೆ ಏರಿ 1978ರ ದಾಖಲೆಯನ್ನೂ ಮೀರಿತು. ಅಣೆಯ ಬಾಗಿಲುಗಳ ಸಮೀಪಕ್ಕಂತೂ ಯಾವ ಋತುವಿನಲ್ಲಿಯೂ ಹೋಗಕೂಡದು. ಅನುಮತಿಯನ್ನು ಮೊದಲೇ ಕೇಳಿಕೊಳ್ಳಬೇಕು.

ಕೆರೆಗಳ ವಿಚಾರ ಬೇಗ ಮುಗಿಯುತ್ತದೆ. ಅಲಾವುದ್ದೀನ್ ಖಲ್ಜಿಯ ಹೌಜ್ ಖಾಸ್ ನೋಡುವುದಕ್ಕೆ ಮಾತ್ರ. ಯಮುನೆ ತೊರೆದುಹೋದ ಹಳೆಯ ತಿರುವಾದ ಭಲಸ್ವಾ ಸರೋವರದಲ್ಲಿ ಒಮ್ಮೆ ದೋಣಿವಿಹಾರ ನಡೆಯುತ್ತಿತ್ತು. ಪಕ್ಕದ ಹೈನುಕೇರಿಯ ಸಗಣಿ ಆ ನೀರನ್ನು ಕೆಡಿಸಿತು. ಫರೀದಾಬಾದಿನ ಬಡಖಲ್ ಸರೋವರ ಗಣಿಗಾರಿಕೆಯಿಂದ ಸೆಲೆಗಳು ಕಡಿದು ಬತ್ತಿಹೋಯಿತು. ಅಸೋಲಾದ ಸುತ್ತಲಿನ ಹಳೆಯ ಗಣಿಹೊಂಡಗಳು ತಿಳಿಯಾಗಿವೆ, ನೀಲಿಯಾಗಿವೆ, ಮನಸ್ಸನ್ನು ಸೆಳೆಯುತ್ತವೆ. ಅನೇಕ ತರುಣರ ಪ್ರಾಣವನ್ನೂ ತೆಗೆದುಕೊಂಡಿವೆ. ಅಲ್ಲಿ ದಡವೆಂಬುದೇ ಇಲ್ಲ. ಬಂಡೆ ನೇರವಾಗಿ ಆಳಕ್ಕೆ ಇಳಿಯುತ್ತದೆ, ಬಿದ್ದವರಿಗೆ ಕಾಲೂರಲು ನೆಲ ಸಿಗುವುದಿಲ್ಲ.

ಉಳಿಯುವುದು ಗುರುಗ್ರಾಮ ಜಿಲ್ಲೆಯ ಸೋಹನಾ ಬಳಿಯ ಡಮಡಮಾ ಸರೋವರ. ಅರಾವಳಿಯ ಮಳೆನೀರನ್ನು ತಡೆಯಲು 1947ರಲ್ಲಿ ಕಟ್ಟಿದ ಏರಿ ಅದರ ಮೂಲ. ಮಳೆಯನ್ನೇ ನಂಬಿದ ನೀರಾದುದರಿಂದ ಬೇಸಿಗೆಯಲ್ಲಿ ಕುಗ್ಗುತ್ತದೆ. ಸೆಪ್ಟೆಂಬರಿನ ಕೊನೆಯಿಂದ ನವೆಂಬರಿನ ಮೊದಲವರೆಗೆ ಅದರ ಸೊಗಸಿನ ಕಾಲ. ಬೆಳಗಿನ ಹೊತ್ತೇ ಒಳ್ಳೆಯದು. ಏಕೆಂದರೆ ನಿಂತ ಮನುಷ್ಯನ ಮೈಯೇ ಗಾಳಿಗೆ ಹಾಯಿಯಾಗುತ್ತದೆ. ಗಾಳಿಗೆ ಎದುರಾಗಿ ಹೊರಟು, ದಣಿದಾಗ ಗಾಳಿಯೊಡನೆ ಮರಳುವುದು ವಿವೇಕ. ಮೇ-ಜೂನಿನ ಧೂಳುಗಾಳಿ ಏಳುವ ಸೂಚನೆ ಕಂಡರೆ ಕೂಡಲೆ ಮಂಡಿಯೂರಿ ದಡ ಸೇರಬೇಕು. ತೇಲುವ ಅಂಗಿ ಕಡ್ಡಾಯ. ನಿಂತ ನೀರಿನಲ್ಲಿ ಹಲಗೆಯನ್ನು ಕಣಕಾಲಿಗೆ ಹಗ್ಗದಿಂದ ಕಟ್ಟಿಕೊಳ್ಳಬಹುದು. ಹರಿಯುವ ನೀರಿನಲ್ಲಿ ಆ ಹಗ್ಗ ಕೊಂಬೆಗೆ ಸಿಕ್ಕಿ ಮನುಷ್ಯನನ್ನು ಮುಳುಗಿಸಬಲ್ಲುದು. ಅಲ್ಲಿ ಎಳೆದೊಡನೆ ಬಿಚ್ಚುವ ಸೊಂಟಪಟ್ಟಿಯೇ ಬೇಕು.

ದಿಲ್ಲಿಯಲ್ಲಿ ಕಲಿಯುವುದಕ್ಕಿಂತ ರಜೆಗೆ ಊರಿಗೆ ಹೋದಾಗ ಕಲಿತು ಬರುವುದು ಸುಲಭ. ಮೂಲ್ಕಿಯ ಶಾಂಭವಿ ನದಿ ಹಲಗೆ ಕಲಿಯುವವರಿಗೆ ಈಗ ಹೆಸರಾದ ತಾಣ. ಅದು ನಂದಿನಿಯೊಡನೆ ಕಡಲು ಕೂಡುವ ಸಸಿಹಿತ್ಲುವಿನಲ್ಲಿ 2024ರ ಮಾರ್ಚಿಯಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಮಳೆಗಾಲವನ್ನು ಬಿಡಬೇಕು. ಅಳಿವೆಯಲ್ಲಿ ಇಳಿತದ ಸೆಳೆತ ಕಡಲ ಕಡೆಗೆ ಎಳೆಯುವುದರಿಂದ, ಭರತದ ವೇಳೆಯನ್ನು ಅಲ್ಲಿನ ಮೀನುಗಾರರಲ್ಲಿ ಕೇಳಿ ತಿಳಿದೇ ನೀರಿಗಿಳಿಯತಕ್ಕದ್ದು.