ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಕಲಿತಿದ್ದು, ಅರಸೀಕೆರೆಯಲ್ಲಿ ಸ್ಟಾರ್ಟ್ ಆಗಿದ್ದು

ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಮ್ಯಾಕಲ್ಸ್‌ಫೀಲ್ಡ್ ಸಿಗುತ್ತದೆ. ಒಂದು ಕಾಲಕ್ಕೆ ಇಂಗ್ಲೆಂಡಿನ ರೇಷ್ಮೆ ಊರು. ರಾಮನಗರದ ಕಡೆಯವರು ಬಂದರೆ ಇಲ್ಲಿನ ರೇಷ್ಮೆ ಮ್ಯೂಸಿಯಂ ನೋಡದೆ ಹೋಗಬಾರದು. ಭಾನುವಾರ ಬಿಸಿಲು ಬಿದ್ದರೆ ಸಾಕು, ಬಕ್ಸ್‌ಟನ್ ಬೆಟ್ಟದ ರಸ್ತೆಗೆ ಹಳೆಯ ಮಾರಿಸ್, ಎಂ.ಜಿ. ಕಾರುಗಳು ಹೊರಡುತ್ತವೆ. 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ. ಮೂಲರೂಪ ಕೆಡಿಸಿರದಿದ್ದರೆ 2018ರಿಂದ ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ.

ನಮ್ಮ ಪಕ್ಕದ ಮನೆಯ ನಿವೃತ್ತ ಫಿಟ್ಟರ್ ಬಳಿ ಒಂದು ಮಾರಿಸ್ ಮೈನರ್ ಇದೆ. ಅದರ ಬಾನೆಟ್ ಎತ್ತಿದಾಗಲೆಲ್ಲ ನನಗೆ ಊರಿನ ಕಾರು ಕಂಡಂತಾಗುತ್ತದೆ. ಕಾಣದೇನು? ನಮ್ಮ ಅಂಬಾಸಡರ್ ಕೂಡ ಮಾರಿಸ್ ಆಕ್ಸ್‌ಫರ್ಡ್‌ನ ಮರಿಯೇ. ಇಂಗ್ಲೆಂಡ್ ಕೈಬಿಟ್ಟ ಮಾದರಿಯನ್ನು ಹಿಂದೂಸ್ತಾನ್ ಮೋಟಾರ್ಸ್ 2014ರವರೆಗೂ ತಯಾರಿಸಿತು.

ಅರಸೀಕೆರೆಯಲ್ಲಿ ಅಪ್ಪನ 1974ರ ಅಂಬಾಸಡರ್ ಈ ವರ್ಷ ಗುಜರಿಗೆ ಹೋಗುವುದರಲ್ಲಿತ್ತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಎರಡು ಮೈಲಿ ಹೋದ ಮೇಲೆ ಆಫ್. ಅರ್ಧ ಗಂಟೆ ನೆರಳಲ್ಲಿ ನಿಂತರೆ ಮತ್ತೆ ಸ್ಟಾರ್ಟ್! ಕಾರ್ಬೊರೇಟರ್ ಎರಡು ಸಲ ಬಿಚ್ಚಿಸಿದ್ದೂ ಆಗಿತ್ತು. "ವಯಸ್ಸಾಯ್ತು ಬಿಡಪ್ಪ, ಅದಕ್ಕೂ ನನಗೂ" ಎಂದರು ಅಪ್ಪ. ಆ ಮಾತು ಕೇಳಿ ಸುಮ್ಮನಿರಲಾಗಲಿಲ್ಲ.

ಫಿಟ್ಟರ್ ಅಜ್ಜ ಹೇಳಿದ್ದು ಇಷ್ಟು: ಬಿಸಿಯಾದಾಗ ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿದರೂ ಕಾರು ಹೀಗೇ ನಿಲ್ಲುತ್ತದೆ, ಕಾಯಿಲ್ ಅಥವಾ ಕಂಡೆನ್ಸರ್ ಸೋತರೂ ಹೀಗೇ. ತಣ್ಣಗಾದ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ನಿಂತ ಆ ಗಳಿಗೆಯಲ್ಲೇ ಕಿಡಿ ನೋಡಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹತ್ತಿರ ಪೆಟ್ರೋಲ್ ಇರಕೂಡದು. ಬೇರೊಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಅದರ ಲೋಹದ ಭಾಗವನ್ನು ಎಂಜಿನ್‌ಗೆ ತಾಗಿಸಿಟ್ಟು, ಸೆಲ್ಫ್ ಹೊಡೆಸಬೇಕು. ಬರಿಗೈಯಲ್ಲಿ ಮುಟ್ಟಬಾರದು, ಸಾವಿರಾರು ವೋಲ್ಟ್ ಇರುತ್ತದೆ. ನೀಲಿ ಕಿಡಿ ಚಟಪಟ ಸಿಡಿದರೆ ಪೆಟ್ರೋಲ್ ಕಡೆ ನೋಡಿ. ಹಳದಿ, ಮಂಕು ಅಥವಾ ಏನೂ ಇಲ್ಲವೆಂದರೆ ಇಗ್ನಿಷನ್‌ದೇ ದೋಷ.

ಒಂದು ಭಾನುವಾರ ನಮ್ಮಲ್ಲಿ ಬೆಳಿಗ್ಗೆ ಆರೂವರೆ, ಅಲ್ಲಿ ಹನ್ನೊಂದು. ತಿಪಟೂರು ರಸ್ತೆಯಲ್ಲಿ ಕಾರು ನಿಂತಿತು. ತಂಗಿಯ ಮಗ ಮೊಬೈಲ್ ಹಿಡಿದ. ಕಿಡಿ ಹಳದಿ! ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದರೆ ಪಾಯಿಂಟ್ ಸುಟ್ಟು ಕಪ್ಪಾಗಿತ್ತು. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರ್ ಕೆಲಸ. ಅದು ಸತ್ತರೆ ಪಾಯಿಂಟ್ ಸುಡುತ್ತದೆ, ಪ್ಲಗ್ಗಿಗೆ ಬಲ ಸಾಲದು.

ಹೊಸ ಕಂಡೆನ್ಸರ್, ಹೊಸ ಪಾಯಿಂಟ್ ತರಿಸಿದೆವು. ಪಾಯಿಂಟ್ ಗ್ಯಾಪ್ 15 ಥೌ, ಅಂದರೆ ಸುಮಾರು 0.38 ಮಿ.ಮೀ. ಫೀಲರ್ ಗೇಜ್ ಸಿಗದೆ ಅಪ್ಪ ದಪ್ಪನೆಯ ಮದುವೆ ಪತ್ರಿಕೆಯನ್ನೇ ಕತ್ತರಿಸಿ ತೂರಿಸಿದರು. ಅಂದಾಜಿಗೆ ಸಾಕು, ಆಮೇಲೆ ಗೇಜ್‌ನಲ್ಲಿ ನೋಡಿಸಿದ್ದಾಯಿತು. ಡಿಕ್ಕಿಯಲ್ಲಿದ್ದ ಹಳೆಯ ಮೈಕೋ ಪ್ಲಗ್‌ಗಳನ್ನು ಉಜ್ಜಿ ಹಾಕಿದರು. ಬೆಂಗಳೂರಿನ ಆಡುಗೋಡಿಯ ಮಾಲು, ಎಸೆಯಲು ಮನಸ್ಸು ಬರಲಿಲ್ಲವಂತೆ.

ಈಗ ಕಾರು ತಿಪಟೂರಿಗೆ ಹೋಗಿ ಬರುತ್ತಿದೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಆದರೆ ಹಾಗೆ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ಅಪ್ಪನಿಗೆ ಅದು ಬೇಡ. "ಸಂತೆಗೆ ಹೋಗದ ಕಾರು ಯಾಕೋ?" ಎನ್ನುತ್ತಾರೆ. ಗುಜರಿಯವನಿಗೆ ಫೋನ್ ಮಾಡಿ ಬರಬೇಡವೆಂದು ಅವರೇ ಹೇಳಿದ್ದಾರೆ.